ಹಿನ್ನೀರಿನವರಿಗೆ ಭರತದ ಲೆಕ್ಕ

ಸಾಗರ, ತುಮರಿ ಕಡೆಯ ಯುವಕರಿಗೆ ನಾನು ಹಾಯಿದೋಣಿ ಕಲಿಸುವುದು ಲಿಂಗನಮಕ್ಕಿಯ ಹಿನ್ನೀರಿನಲ್ಲಿ. ಅಲ್ಲಿ ನೀರು ಏರುವುದಕ್ಕೂ ಇಳಿಯುವುದಕ್ಕೂ ತಿಂಗಳುಗಳೇ ಬೇಕು. ಒಳ್ಳೆಯ ಮಳೆಗಾಲದ ಕೊನೆಗೆ 1819 ಅಡಿಯ ಪೂರ್ಣ ಮಟ್ಟಕ್ಕೆ ಬರುವ ನೀರು ಬೇಸಿಗೆಯ ಹೊತ್ತಿಗೆ ತಗ್ಗಿ, ಮಡೆನೂರಿನ ಹಳೆಯ ಅಣೆಕಟ್ಟೆ ಹೊರಗೆ ಕಾಣತೊಡಗುತ್ತದೆ. ಮುಳುಗಿದ ಕಾಡಿನ ಬೊಡ್ಡೆಗಳು ಅಪಾಯಕಾರಿಯೇನೋ ಹೌದು, ಆದರೆ ನಿನ್ನೆ ಗೇಣುದ್ದ ನೀರಿನ ಕೆಳಗಿದ್ದ ಬೊಡ್ಡೆ ಇಂದೂ ಹೆಚ್ಚುಕಡಿಮೆ ಅಷ್ಟೇ ಆಳದಲ್ಲಿರುತ್ತದೆ. ಇದೇ ಅಭ್ಯಾಸದಲ್ಲಿ ಪಳಗಿದವರು ಘಟ್ಟ ಇಳಿದು, ಗೇರುಸೊಪ್ಪೆಯ ಕೆಳಗೆ ಹೊನ್ನಾವರದ ಅಳಿವೆಯ ಕಡೆಗೆ ಅಗಲವಾಗುತ್ತ ಹೋಗುವ ಅದೇ ಶರಾವತಿಯಲ್ಲಿ ಹಾಯಿ ಬಿಚ್ಚಿದಾಗ, ಬೆಳಿಗ್ಗೆ ದಾಟಿದ ದಾರಿಯಲ್ಲೇ, ಭರತ (ಕಡಲಿನ ಉಬ್ಬರ) ಇಳಿದು, ಮಧ್ಯಾಹ್ನ ಹೊಯ್ಗೆಯ (ಮರಳಿನ) ಮೇಲೆ ಕೂರುತ್ತಾರೆ.

ನಾನೂ ಕೂತಿದ್ದೇನೆ. ಹುಣ್ಣಿಮೆಯ ದಿನ, ಭರತ ತುಂಬಿ ಒಂದು ಗಂಟೆ ಕಳೆದಿರಬಹುದು, ಮಾವಿನಕುರ್ವೆಯ ಸಮೀಪ ದೋಣಿಯ ಅಡಿ ಹೊಯ್ಗೆಗೆ ಸವರಿತು. ಗಳ ಊರಿ ತಳ್ಳುವಷ್ಟರಲ್ಲಿ ನೀರು ಬೆರಳಷ್ಟು ತಗ್ಗಿತ್ತು. ಅರ್ಧ ಗಂಟೆಯಲ್ಲಿ ದೋಣಿ ಒಂದು ಮಗ್ಗುಲಿಗೆ ವಾಲಿತು. ಇಳಿತ ಮುಗಿದು ನೀರು ಮತ್ತೆ ಅದೇ ಮಟ್ಟಕ್ಕೆ ಬರಲು ಹತ್ತು ಗಂಟೆಗೂ ಹೆಚ್ಚು ಹಿಡಿಯುತ್ತದೆ. ಅಷ್ಟು ಹೊತ್ತೂ ಅಲ್ಲೇ ಕಾದೆ. ನಮ್ಮ ಕರಾವಳಿಯಲ್ಲಿ ದಿನದ ಎರಡು ಭರತಗಳ ಎತ್ತರ ಒಂದೇ ಸಮವಿರುವುದಿಲ್ಲ; ದೊಡ್ಡ ಭರತದ ತುತ್ತತುದಿಯಲ್ಲಿ ಕೂತಿದ್ದರೆ ಮುಂದಿನ ಚಿಕ್ಕ ಭರತ ದೋಣಿಯನ್ನು ಎತ್ತದೆಯೂ ಹೋಗಬಹುದಿತ್ತು.

ಆದ್ದರಿಂದ ನನ್ನ ಮೊದಲ ನಿಯಮವೆಂದರೆ, ಗುರುತಿಲ್ಲದ ತೆಳುನೀರಿಗೆ ನೀರು ಏರುತ್ತಿರುವಾಗ ಮಾತ್ರ ಹೋಗಬೇಕು. ಏರುನೀರಿನಲ್ಲಿ ತಳ ತಗಲಿದರೆ ಹಾಯಿ ಇಳಿಸಿ, ಲಂಗರು ಹಾಕಿ ಕಾದರೆ ಸಾಕು, ನದಿಯೇ ದೋಣಿಯನ್ನು ಎತ್ತಿಕೊಡುತ್ತದೆ. ದೋಣಿಯ ಅಡಿಯಿಂದ ನೀರಿಗೆ ಇಳಿದಿರುವ ನಡುವಿನ ಹಲಗೆಯನ್ನು ಮೇಲೆಳೆಯಬಹುದಾದ ದೋಣಿಯಾದರೆ ಇನ್ನೂ ಒಳ್ಳೆಯದು. ನನ್ನ ದೋಣಿಗೆ ಹಲಗೆ ಇಳಿಸಿದಾಗ ಒಂದು ಮೀಟರ್ ನೀರು ಬೇಕು, ಎತ್ತಿದಾಗ ಮೂವತ್ತು ಸೆಂಟಿಮೀಟರ್ ಸಾಕು. ಹಲಗೆ ತಳಕ್ಕೆ ತಾಗಿದ್ದೇ ಎಚ್ಚರಿಕೆ, ಅದನ್ನು ಎತ್ತಿ ಬಂದ ದಾರಿಯಲ್ಲೇ ಹಿಂದಿರುಗಬಹುದು.

ಎರಡನೆಯದು ಹನ್ನೆರಡರ ಲೆಕ್ಕ. ನೀರು ಏರುವ ಅಥವಾ ಇಳಿಯುವ ಸುಮಾರು ಆರು ಗಂಟೆಗಳಲ್ಲಿ ಒಟ್ಟು ವ್ಯತ್ಯಾಸದ ಹನ್ನೆರಡನೆಯ ಒಂದು ಪಾಲು ಮೊದಲ ಗಂಟೆಯಲ್ಲಿ, ಎರಡು ಪಾಲು ಎರಡನೆಯದರಲ್ಲಿ, ಮೂರು ಮೂರು ಪಾಲು ನಡುವಿನ ಎರಡು ಗಂಟೆಗಳಲ್ಲಿ, ಮತ್ತೆ ಎರಡು, ಕೊನೆಗೆ ಒಂದು. ವ್ಯತ್ಯಾಸ 120 ಸೆಂಟಿಮೀಟರ್ ಇರುವ ದಿನ ಮೊದಲ ಗಂಟೆಯಲ್ಲಿ ಇಳಿಯುವುದು ಹತ್ತೇ ಸೆಂಟಿಮೀಟರ್. ಇದನ್ನು ಕಂಡು ಧೈರ್ಯ ತಾಳಿದವರಿಗೆ ಮೂರನೆಯ ಮತ್ತು ನಾಲ್ಕನೆಯ ಗಂಟೆಗಳಲ್ಲಿ ಅರವತ್ತು ಸೆಂಟಿಮೀಟರ್ ಕಾಲಡಿಯಿಂದ ಜಾರಿಹೋಗುತ್ತದೆ. ಇದು ಅಂದಾಜಿನ ಲೆಕ್ಕ. ಭರತದ ಕೋಷ್ಟಕ ಹೇಳುವುದು ಬಂದರಿನ ಹೊತ್ತನ್ನು, ನದಿಯ ಒಳಗೆ ಹೋದಂತೆಲ್ಲ ಭರತ ತಡವಾಗುತ್ತದೆ. ಮೇಲೆ ವಿದ್ಯುದಾಗಾರದಿಂದ ಬಿಡುವ ನೀರಿನ ಸೆಳೆತ ಆ ಕೋಷ್ಟಕದಲ್ಲಿ ಇರುವುದೇ ಇಲ್ಲ. ಹಾಗಾಗಿ ಬಿದಿರಿನ ಗಳಕ್ಕೆ ಹತ್ತು ಸೆಂಟಿಮೀಟರಿಗೊಂದು ಬಣ್ಣದ ಪಟ್ಟಿ ಹಚ್ಚಿಕೊಂಡು ಮುಂಗಡೆ ಕೂತವರು ಊರುತ್ತಲೇ ಇರಬೇಕು. ಗಳ ಆಳ ಹೇಳುವುದರ ಜೊತೆಗೆ ತಳದ ಜಾತಿಯನ್ನೂ ಹೇಳುತ್ತದೆ: ಹೊಯ್ಗೆಯಾದರೆ ಕರಕರ ಎಂದು ನಿಲ್ಲುತ್ತದೆ, ಕೆಸರಾದರೆ ತುದಿಯನ್ನು ಹಿಡಿದುಕೊಂಡು ಬಿಡಲೊಲ್ಲದು, ಕಲ್ಲಾದರೆ ಅಂಗೈಗೆ ಹೊಡೆಯುತ್ತದೆ. ಕಲ್ಲು ಸಿಕ್ಕಿದ ಕಡೆ ಏರುನೀರಿದ್ದರೂ ನಾನು ಮುಂದೆ ಹೋಗುವುದಿಲ್ಲ.

ದಿನ ಆರಿಸುವುದಕ್ಕೆ ಪಂಚಾಂಗ ಸಾಕು. ಭರತ ದಿನದಿಂದ ದಿನಕ್ಕೆ ಸುಮಾರು ಐವತ್ತು ನಿಮಿಷ ತಡವಾಗುತ್ತದೆ. ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ ವ್ಯತ್ಯಾಸ ದೊಡ್ಡದು, ಅಷ್ಟಮಿಯ ಆಸುಪಾಸಿನಲ್ಲಿ ಚಿಕ್ಕದು. ಹುಣ್ಣಿಮೆಯ ಭರತ ಇಲ್ಲಿ ಮಧ್ಯಾಹ್ನಕ್ಕೆ ಸ್ವಲ್ಪ ಮುಂಚೆ ತುಂಬುವುದರಿಂದ ಮಧ್ಯಾಹ್ನವೆಲ್ಲ ಇಳಿತ, ಅದೇ ಹೊತ್ತಿಗೆ ಪಡುವಣ ಕಡಲಗಾಳಿ ಎದುರಿನಿಂದ ಬೀಸುತ್ತದೆ. ಹೊರಗೆ ಓಡುವ ನೀರೂ ಒಳಗೆ ಬರುವ ಗಾಳಿಯೂ ಎದುರಾದರೆ ಅಳಿವೆಯ ಬಳಿ ಗಿಡ್ಡನೆಯ, ಕಡಿದಾದ ಅಲೆ ಎದ್ದು ಚಿಕ್ಕ ದೋಣಿಯನ್ನು ನಿಲ್ಲಗೊಡುವುದಿಲ್ಲ. ಅಷ್ಟಮಿಯ ಹೊತ್ತಿಗೆ ಸಾಮಾನ್ಯವಾಗಿ ಮಧ್ಯಾಹ್ನ ನೀರೂ ಗಾಳಿಯೂ ಒಟ್ಟಿಗೆ ಒಳಗೆ ಬರುತ್ತವೆ. ಹೊಸಬರನ್ನು ನಾನು ಕರೆದೊಯ್ಯುವುದು ಆಗಲೇ, ಅದೂ ಡಿಸೆಂಬರ್‌ನಿಂದ ಫೆಬ್ರವರಿಯ ಒಳಗೆ. ಮಳೆಗಾಲದಲ್ಲಿ ಆ ನದಿಗೆ ಹಾಯಿ ಒಯ್ಯುವ ಮಾತೇ ಬೇಡ.

ತುಂಬಿದ ಭರತ ಕೆಳಗೆ ಆಳ ಕೊಟ್ಟಷ್ಟೇ ಮೇಲಿನ ಜಾಗವನ್ನು ಕಸಿಯುತ್ತದೆ ಎಂಬುದನ್ನು ಹಿನ್ನೀರಿನವರು ಮರೆಯುತ್ತಾರೆ. ಹೊನ್ನಾವರದಲ್ಲಿ ಹೆದ್ದಾರಿಯ ಸೇತುವೆಯೂ ಕೊಂಕಣ ರೈಲಿನ ಎರಡು ಕಿಲೋಮೀಟರ್ ಉದ್ದದ ಸೇತುವೆಯೂ ನದಿಗೆ ಅಡ್ಡಲಾಗಿವೆ. ದಡದಿಂದ ದಡಕ್ಕೆ ವಿದ್ಯುತ್ ತಂತಿಗಳು ಹಾದುಹೋಗಿರುವ ಕಡೆಯೂ ಉಂಟು. ದೋಣಿ ನೀರಿಗಿಳಿಸುವ ಮುನ್ನ ನೀರಿನಿಂದ ಕೂವೆಮರದ (ಹಾಯಿ ಕಟ್ಟುವ ಕಂಬದ) ತುದಿಯವರೆಗಿನ ಎತ್ತರವನ್ನು ಟೇಪು ಹಿಡಿದು ಅಳೆದು, ಅದನ್ನು ಚುಕ್ಕಾಣಿ ಹಿಡಿದವರ ಕಣ್ಣಿಗೆ ಬೀಳುವಂತೆ ಒಳಮಗ್ಗುಲಲ್ಲಿ ಬರೆಯಬೇಕು. ತಂತಿಯ ಎತ್ತರ ಖಚಿತವಾಗಿ ಗೊತ್ತಿಲ್ಲದಿದ್ದರೆ ಅಲ್ಲಿ ಕೂವೆಮರವನ್ನು ಮಲಗಿಸಿ, ಹುಟ್ಟು ಹಾಕಿಯೇ ದಾಟಬೇಕು.