ವಾಲ್ವ್ ಆಪರೇಶನ್ ಆದ ಮೇಲೆ ತೂಕ ಏರಿದರೆ ಖುಷಿಪಡಬಹುದಾ?

ಪ್ರಶ್ನೆ: ಅಮ್ಮನಿಗೆ ಹೃದಯದ ಮೈಟ್ರಲ್ ವಾಲ್ವ್ ಬದಲಿಸಿ ಐದು ವಾರವಾಯಿತು. ಹಾಕಿದ್ದು ಮೆಟಲ್ ವಾಲ್ವ್. ಆಸ್ಪತ್ರೆಯಿಂದ ಬಂದಾಗ ತುಂಬಾ ಸೊರಗಿದ್ದರು. ಈಗ ಮೂರೇ ದಿನದಲ್ಲಿ 2 ಕೆಜಿ ಏರಿದ್ದಾರೆ. ‘ಮೈಕೈ ತುಂಬಿಕೊಳ್ತಿದೆ’ ಅಂತ ಮನೆಯಲ್ಲಿ ಎಲ್ಲರಿಗೂ ಖುಷಿ. ನನಗೇಕೋ ಅನುಮಾನ.
– ಡೊಂಬಿವಲಿಯ ಓದುಗರು

ಉತ್ತರ: ನಿಮ್ಮ ಅನುಮಾನವೇ ಸರಿ. ಮೊದಲು ಅಮ್ಮನ ಡಾಕ್ಟರಿಗೆ ಫೋನ್ ಮಾಡಿ. ಉಳಿದದ್ದನ್ನು ಆಮೇಲೆ ಓದಿದರಾಯಿತು.

ಸುಮ್ನೆ ಲೆಕ್ಕ ಹಾಕಿ ನೋಡಿ. ಒಂದು ಕೆಜಿ ಕೊಬ್ಬು ಸೇರಬೇಕಾದರೆ ದೇಹಕ್ಕೆ ಬೇಕಾದದ್ದಕ್ಕಿಂತ ಸುಮಾರು 7,700 ಕ್ಯಾಲೊರಿ ಜಾಸ್ತಿ ತಿನ್ನಬೇಕು. ಎರಡು ಇಡ್ಲಿ ಬಡಿಸಿದರೆ ಒಂದನ್ನು ತಟ್ಟೆಯಲ್ಲೇ ಬಿಡುವ ಬಾಣಂತಿಯಂಥ ಜೀವ ಅಷ್ಟು ತಿನ್ನಲು ಸಾಧ್ಯವಾ? ಏರಿದ್ದು ನೀರು. ಒಂದು ಲೀಟರ್ ನೀರೆಂದರೆ ಒಂದು ಕೆಜಿ. ಎರಡು ಬಾಟಲಿ ನೀರು ಮೈಯೊಳಗೇ ನಿಂತಿದೆ ಅಂದುಕೊಳ್ಳಿ.

ಆಪರೇಶನ್ ಆದ ಮೊದಲ ದಿನಗಳಲ್ಲಿ ಹೀಗೆ ನೀರು ತುಂಬಿ, ಆಮೇಲೆ ಇಳಿಯುವುದು ಸಹಜ. ಇಳಿದದ್ದು ಮತ್ತೆ ಏರಿದರೆ ಕಾರಣ ಹುಡುಕಬೇಕು. ಮೂತ್ರ ಹೋಗುವ ಮಾತ್ರೆ ತಪ್ಪಿರಬಹುದು, ಹೃದಯ ದಣಿದಿರಬಹುದು, ವಾಲ್ವಿನಲ್ಲೇ ತೊಂದರೆ ಇರಬಹುದು. ಎಕೋ (ಹೃದಯದ ಸ್ಕ್ಯಾನ್) ಮಾಡದೆ ಯಾವುದೆಂದು ಹೇಳಲಾಗದು. ನೀವಾಗಿ ಮಾತ್ರೆ ಹೆಚ್ಚು ಕಡಿಮೆ ಮಾಡಬೇಡಿ. ದಿನಕ್ಕೆ 1 ಕೆಜಿ ಅಥವಾ ವಾರಕ್ಕೆ 2 ಕೆಜಿ ಏರಿದರೆ ಡಾಕ್ಟರಿಗೆ ತಿಳಿಸಬೇಕು. ಮಲಗಿದರೆ ಉಸಿರು ಕಟ್ಟುತ್ತದೆ, ಜ್ವರ ಇದೆ ಅಂದರೆ ಫೋನೂ ಬೇಡ, ನೇರ ಆಸ್ಪತ್ರೆಗೆ ಹೋಗಿ.

ಕಾಲುಂಗುರ ಬಿಗಿಯಾಗಿದೆಯಾ ನೋಡಿ. ಮೊಣಕಾಲ ಕೆಳಗೆ ಎಲುಬಿನ ಮೇಲೆ ಹೆಬ್ಬೆರಳು ಒತ್ತಿ ತೆಗೆಯಿರಿ. ಗುಳಿ ಹಾಗೇ ಉಳಿದರೆ ಅದು ನೀರೇ.

ಉಪ್ಪಿನ ಕಡೆಗೂ ಕಣ್ಣಿರಲಿ. ‘ನಾಲಿಗೆ ಕೆಟ್ಟಿದೆ’ ಅಂತ ಗಂಜಿಯ ಜತೆ ಊರಿನ ಮಿಡಿ ಉಪ್ಪಿನಕಾಯಿ ಬಡಿಸುವುದು ನಮ್ಮ ಪ್ರೀತಿ, ಅಲ್ವಾ? ಹಪ್ಪಳ, ಫರಸಾಣ್, ಒಣಮೀನು ಎಲ್ಲವೂ ನೀರನ್ನು ಹಿಡಿದಿಡುತ್ತವೆ.

ತೂಕ ನೋಡುವುದು ಬೆಳಿಗ್ಗೆ, ಶೌಚ ಮುಗಿಸಿ, ಚಹಾಕ್ಕೆ ಮೊದಲು. ಮೆಷಿನ್ ಒಂದೇ ಇರಲಿ, ಗಟ್ಟಿ ನೆಲದ ಮೇಲಿರಲಿ. ಸ್ಟೇಶನ್ನಿನಲ್ಲಿ ಟಿಕೆಟ್ ಉದುರಿಸುವ ಮೆಷಿನ್ ಭವಿಷ್ಯ ಓದಲಿಕ್ಕೆ ಸಾಕು, ಇದಕ್ಕಲ್ಲ.

ಇನ್ನು ಸೊರಗಿದ್ದರ ಮಾತು. ಹಸಿವಿಲ್ಲದೆ ಮಾಂಸಖಂಡ ಕರಗಿರುತ್ತದೆ. ಅದು ತುಂಬಿಕೊಳ್ಳಲು ತಿಂಗಳುಗಳೇ ಬೇಕು, ಮೂರು ದಿನ ಸಾಲದು. ಬೇಳೆ, ಮೊಟ್ಟೆ, ಮೊಸರು ಸ್ವಲ್ಪ ಸ್ವಲ್ಪವೇ ಕೊಡಿ. ಊಟ ತೀರಾ ಕಡಿಮೆಯಾದರೆ ರಕ್ತ ತೆಳುವಾಗಿಸುವ ಮಾತ್ರೆಯ ಪ್ರಭಾವ ಜಾಸ್ತಿಯಾಗಿ, ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆ ಎಂದು ತೋರಿಸುವ ಐಎನ್‌ಆರ್ ಏರಬಹುದು. ಮೆಟಲ್ ಮೈಟ್ರಲ್ ವಾಲ್ವಿಗೆ ಅದು ಸಾಮಾನ್ಯವಾಗಿ 2.5ರಿಂದ 3.5ರ ಒಳಗಿರಬೇಕು. ಒಸಡಿನಲ್ಲಿ ರಕ್ತ ಕಂಡರೆ ಡಾಕ್ಟರಿಗೆ ಹೇಳಲು ತಡಮಾಡಬೇಡಿ. ಪಾಲಕ್, ಮೆಂತ್ಯ ಸೊಪ್ಪು ಈ ಮಾತ್ರೆಯ ಪ್ರಭಾವ ತಗ್ಗಿಸಬಹುದು, ಹಾಗಂತ ಬಿಡಬೇಕಾಗಿಲ್ಲ, ವಾರ ವಾರವೂ ಹೆಚ್ಚು ಕಡಿಮೆ ಅಷ್ಟೇ ತಿಂದರಾಯಿತು.

ವರ್ಷ ಕಳೆದ ಮೇಲೆ ನಿಧಾನಕ್ಕೆ ಏರುವ ತೂಕ ಬೇರೆ ಕಥೆ. ಮೈ ಬೆಳೆದರೂ ವಾಲ್ವ್ ಬೆಳೆಯುವುದಿಲ್ಲ. ಆಗ ಡಯಟ್ ಶುರುಮಾಡುವ ಮೊದಲು ಡಾಕ್ಟರಿಗೆ ಹೇಳಿ, ಶುರುವಾದ ಮೇಲೆ ಐಎನ್‌ಆರ್ ಪದೇ ಪದೇ ನೋಡಿಸಿ.