ಸಿಹಿ ಚೆರ್ರಿ: ಸುಣ್ಣ ಹಣ್ಣಿನವರೆಗೆ ತಲುಪುವ ಕಥೆ

ಬೇಕರಿ ಕೇಕಿನ ಮೇಲೆ ಕೂರುವ ಕೆಂಪು ‘ಚೆರ್ರಿ’ ಎಷ್ಟೋ ಸಲ ಪಾಕದಲ್ಲಿ ನೆನೆದು ಬಣ್ಣ ಹಚ್ಚಿಕೊಂಡ ಕವಳೆಕಾಯಿ. ಅದನ್ನು ಬದಿಗಿಡಿ. ಈ ಟಿಪ್ಪಣಿ ಪ್ರುನಸ್ ಏವಿಯಂ, ಅಂದರೆ ನಿಜವಾದ ಸಿಹಿ ಚೆರ್ರಿ ಕುರಿತದ್ದು. ಮೇ–ಜೂನ್ ಹೊತ್ತಿಗೆ ಕಾಶ್ಮೀರದಿಂದ ಪೆಟ್ಟಿಗೆಗಳಲ್ಲಿ ಬರುವ ಹಣ್ಣು.

‘ಸಾರಜನಕಕ್ಕೆ ಬೆಳವಣಿಗೆ, ಪೊಟ್ಯಾಶಿಯಂಗೆ ಸಿಹಿ, ಕ್ಯಾಲ್ಸಿಯಂಗೆ ಗಟ್ಟಿತನ’ ಎಂದು ನಾವೆಲ್ಲ ಉರು ಹೊಡೆದಿರುತ್ತೇವೆ. ಮಣ್ಣಿನಲ್ಲಿ ಸುಣ್ಣ, ಅಂದರೆ ಕ್ಯಾಲ್ಸಿಯಂ, ಧಾರಾಳವಾಗಿದ್ದರೂ ಹಣ್ಣು ಮೆತ್ತಗಾಗುವುದೇಕೆ ಎಂದು ಯಾರಾದರೂ ಕೇಳಿದರೆ ಆ ಉರು ಕೈಕೊಡುತ್ತದೆ.

ಕ್ಯಾಲ್ಸಿಯಂ ಬೇರಿನಿಂದ ನೀರಿನ ಜೊತೆ, ನೀರು ಸಾಗಿಸುವ ಕ್ಸೈಲಂ ನಾಳದಲ್ಲಿ ಏರುತ್ತದೆ. ಎಲೆಯ ಸಕ್ಕರೆ ಸಾಗಿಸುವ ಫ್ಲೋಯಂ ನಾಳದಲ್ಲಿ ಅದರ ಓಡಾಟ ಇಲ್ಲವೆನ್ನುವಷ್ಟು ಕಡಿಮೆ. ನೀರು ಎಲ್ಲಿ ಹೆಚ್ಚು ಆವಿಯಾಗುತ್ತದೋ ಅಲ್ಲಿಗೇ ಅದರ ದೊಡ್ಡ ಪಾಲು, ಅಂದರೆ ಎಲೆಗೆ. ಆವಿ ಹೊರಹೋಗುವ ಪತ್ರರಂಧ್ರಗಳು ಹೆಸರಿಗೆ ಪತ್ರದವಾದರೂ ಚೆರ್ರಿಯ ಸಿಪ್ಪೆಯಲ್ಲೂ ಇರುತ್ತವೆ, ಆದರೆ ತೀರ ವಿರಳ. ಹಣ್ಣು ಬೆಳೆಯುವುದು ಮೂರು ಹಂತಗಳಲ್ಲಿ: ಮೊದಲು ಕೋಶ ವಿಭಜನೆ, ನಂತರ ಗೊರಟೆ ಗಟ್ಟಿಯಾಗುವುದು, ಕೊನೆಗೆ ಕೋಶಗಳು ಉಬ್ಬಿ ಬಣ್ಣ ಏರುವುದು. ಈ ಕೊನೆಯ ಹಂತದಲ್ಲಿ ಹಣ್ಣಿನೊಳಗಿನ ಕ್ಸೈಲಂ ಕ್ರಮೇಣ ಕೆಲಸ ನಿಲ್ಲಿಸುತ್ತದೆ. ಸಕ್ಕರೆಯೂ ನೀರೂ ಫ್ಲೋಯಂ ದಾರಿಯಲ್ಲಿ ಬಂದು ತುಂಬುತ್ತವೆ, ಮೊದಲು ಬಂದ ಕ್ಯಾಲ್ಸಿಯಂ ಅಷ್ಟರಲ್ಲೇ ತೆಳುವಾಗಿ ಹರಡಿಕೊಳ್ಳಬೇಕು. ಕ್ಯಾಲ್ಸಿಯಂ ಸಿಂಪರಣೆಯನ್ನು ಕಾಯಿ ಎಳೆಯದಾಗಿರುವಾಗಲೇ ಶುರುಮಾಡುವುದು ಇದಕ್ಕೇ.

ಕೋಶಭಿತ್ತಿಯನ್ನು ಅಂಟಿನಂತೆ ಹಿಡಿದಿಡುವ ಪೆಕ್ಟಿನ್ ಎಳೆಗಳ ನಡುವೆ ಕ್ಯಾಲ್ಸಿಯಂ ಬೆಸುಗೆಯಂತೆ ಕೂರುತ್ತದೆ. ಬೆಸುಗೆ ಸಡಿಲವಿದ್ದರೆ ಏನಾಗುತ್ತದೆಂದು ಮಳೆ ತೋರಿಸುತ್ತದೆ: ಹಣ್ಣು ಒಡೆಯುತ್ತದೆ. ಇದನ್ನು ಅಳೆಯಲು ಪ್ರಯೋಗಾಲಯದಲ್ಲಿ ಹಣ್ಣುಗಳನ್ನು ಬಟ್ಟಿ ಇಳಿಸಿದ ನೀರಿನಲ್ಲಿ ಮುಳುಗಿಸಿ, ಎರಡು, ನಾಲ್ಕು, ಆರು ಗಂಟೆಗಳಾದಾಗ ಎತ್ತಿ ಒಡೆದವನ್ನು ಎಣಿಸುತ್ತಾರೆ. ತೊಟ್ಟಿನ ಬುಡದ ಕುಳಿಯಲ್ಲಿ ಅರ್ಧಚಂದ್ರದಂಥ ಸೀಳು, ಇಲ್ಲವೇ ತುದಿಯಲ್ಲಿ ಸಣ್ಣ ಬಿರುಕು. ನೀರಿಗೆ ಕ್ಯಾಲ್ಸಿಯಂ ಕ್ಲೋರೈಡ್ ಬೆರೆಸಿದರೆ ಒಡೆಯುವ ಹಣ್ಣು ಕಡಿಮೆ.

ಪೊಟ್ಯಾಶಿಯಂ ವಿಷಯದಲ್ಲಿ ಎಚ್ಚರ ಬೇಕು. ಹಣ್ಣಿನಲ್ಲಿ ಅತಿ ಹೆಚ್ಚಿರುವ ಖನಿಜ ಅದೇ; ಸಕ್ಕರೆ ಸಾಗಾಟಕ್ಕೂ ಗಾತ್ರಕ್ಕೂ ಬೇಕು. ಆದರೆ ಅತಿಯಾದರೆ ಬೇರಿನ ಬಾಗಿಲಲ್ಲೇ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಹಿಂದಕ್ಕೆ ತಳ್ಳುತ್ತದೆ. ಸಾರಜನಕ ಹೆಚ್ಚಾದರೆ ಚಿಗುರು ದಟ್ಟವಾಗಿ ಹಣ್ಣು ನೆರಳಿಗೆ ಬೀಳುತ್ತದೆ: ಬಣ್ಣ ತಡ, ತಿರುಳು ಮೆತ್ತಗೆ. ಕಡಿಮೆಯಾದರೆ ಹಣ್ಣು ಸಣ್ಣದು. ಗಿಸೆಲಾ 5ರಂಥ ಕುಬ್ಜ ಬೇರುಸಸಿಯ (ಮರ ಗಿಡ್ಡಾಗಿರಲೆಂದು ಕಸಿ ಕಟ್ಟುವ ಬುಡದ ಗಿಡ) ಮೇಲೆ ಕಾಯಿ ಕಿಕ್ಕಿರಿಯುವುದರಿಂದ ಈ ತೊಂದರೆ ಬೇಗ ಕಣ್ಣಿಗೆ ಬೀಳುತ್ತದೆ.

ಚೆರ್ರಿ ಎಲೆ ಪೂರ್ತಿ ಬಿಡುವ ಮೊದಲೇ ಹೂ ಬಿಡುತ್ತದೆ. ಆ ಹೊತ್ತಿಗೆ ಬೇಕಾದ ಸಾರಜನಕ ಹಿಂದಿನ ವರ್ಷ ಮರದಲ್ಲಿ ಕೂಡಿಟ್ಟದ್ದು. ಶರತ್ಕಾಲದಲ್ಲಿ ಎಲೆ ಉದುರುವ ಮುನ್ನ ಯೂರಿಯಾ ಸಿಂಪಡಿಸುವುದು ಆ ದಾಸ್ತಾನಿಗೆ. ಪರಾಗನಾಳ ಬೆಳೆಯಲು ಬೇಕಾದ ಬೋರಾನ್ ಅನ್ನೂ ಆಗಲೇ ಕೊಡುವುದುಂಟು. ಅದರ ಕೊರತೆಗೂ ವಿಷಕ್ಕೂ ಅಂತರ ಕಿರಿದು, ಹಾಗಾಗಿ ಅಂದಾಜಿನಲ್ಲಿ ಹಾಕುವಂತಿಲ್ಲ.

ಎಲೆ ಪರೀಕ್ಷೆಯ ವರದಿ ನೋಡುವಾಗ ನೆನಪಿರಲಿ: ಮಾದರಿ ತೆಗೆಯುವುದು ಸಾಮಾನ್ಯವಾಗಿ ಜುಲೈ–ಆಗಸ್ಟ್‌ನಲ್ಲಿ, ಬಹುತೇಕ ಕಡೆ ಕೊಯ್ಲು ಮುಗಿದ ಮೇಲೆ. ಅದರಲ್ಲಿ ‘ಕ್ಯಾಲ್ಸಿಯಂ ಸಾಕಷ್ಟಿದೆ’ ಎಂದಿದ್ದರೆ ಅದು ಎಲೆಯ ಮಾತು. ಹಣ್ಣಿನ ಪಾಲನ್ನೂ ತಿಂದದ್ದು ಅದೇ ಎಲೆ.