ಜರ್ಮನ್ನರ ಬೆಳ್ಳಿ ಬಟ್ಟಲು ‘ಜರ್ಮನ್ ಸಿಲ್ವರ್’ ಅಲ್ಲ ಸ್ವಾಮಿ

ಪ್ರಶ್ನೆ: ಅಮೆರಿಕಕ್ಕೆ ವಲಸೆ ಹೋದ ಜರ್ಮನ್ ಪ್ರೊಟೆಸ್ಟೆಂಟರ ಚರ್ಚಿನ ಬೆಳ್ಳಿ ಬಟ್ಟಲೊಂದನ್ನು ಮ್ಯೂಸಿಯಂನಲ್ಲಿ ನೋಡಿದೆ. ಯೇಸುವಿನ ಕೊನೆಯ ಊಟದ ನೆನಪಿಗೆ ಚರ್ಚಿನಲ್ಲಿ ನಡೆಸುವ ‘ಕರ್ತನ ರಾತ್ರಿಭೋಜನ’ದ ದ್ರಾಕ್ಷಾರಸಕ್ಕೆ ಬಳಸುತ್ತಿದ್ದರಂತೆ. ಅದು ಜರ್ಮನ್ ಸಿಲ್ವರ್ ತಾನೆ?

ಉತ್ತರ: ಅಲ್ಲ. ಈ ಮಾತನ್ನು ಎಷ್ಟು ಸಲ ಬರೆದಿದ್ದೇನೋ, ಲೆಕ್ಕ ತಪ್ಪಿಹೋಗಿದೆ.

ಜರ್ಮನ್ ಸಿಲ್ವರ್‌ನಲ್ಲಿ ಬೆಳ್ಳಿ ಗುಲಗಂಜಿಯಷ್ಟೂ ಇಲ್ಲ. ತಾಮ್ರ, ನಿಕಲ್, ಸತು, ಅಷ್ಟೇ. ಇಂಥ ಬಿಳಿ ಲೋಹವನ್ನು ಚೀನಾದವರು ಮೊದಲೇ ಮಾಡುತ್ತಿದ್ದರು. ಜರ್ಮನಿಯವರಿಗೆ ಅದರ ಗುಟ್ಟು ಸಿಕ್ಕಿದ್ದು 1820ರ ದಶಕದಲ್ಲಿ. ಬೆಳ್ಳಿಯಂತೆ ಕಂಡಿತು, ಹೆಸರೂ ಅಂಟಿಕೊಂಡಿತು. ಗೃಹಪ್ರವೇಶದಲ್ಲಿ ಉಡುಗೊರೆ ಕೊಡುವ ಕುಂಕುಮದ ಬಟ್ಟಲು ಇದೇ ಜಾತಿ. ಇನ್ನು ಉತ್ತರ ಕರ್ನಾಟಕದ ಕಡೆ ‘ಜರ್ಮನ್ ಪಾತ್ರೆ’ ಅಂದರೆ ಅಲ್ಯೂಮಿನಿಯಂ! ಆ ಕಥೆ ಬೇರೆ, ಬಿಡಿ.

ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಲುಥೆರನ್ ಎಂಬ ಪ್ರೊಟೆಸ್ಟೆಂಟ್ ಪಂಗಡದ ಜರ್ಮನ್ನರನ್ನು ಒಟ್ಟುಗೂಡಿಸಿದ ಪಾದ್ರಿ ಮ್ಯೂಲೆನ್‌ಬರ್ಗ್ ಅಲ್ಲಿಗೆ ಬಂದದ್ದು 1742ರಲ್ಲಿ. ಆ ಕಾಲದ ಬಟ್ಟಲು ಆಗಿನ್ನೂ ಯುರೋಪಿನಲ್ಲಿ ತಯಾರೇ ಆಗದ ಲೋಹದ್ದು ಹೇಗಾದೀತು? ನಿಜ ಹೇಳಬೇಕಂದ್ರೆ, ಬೆಳ್ಳಿ ಕೊಳ್ಳುವ ಕೈ ಎಲ್ಲರಿಗೂ ಇರಲಿಲ್ಲ. ಅಲ್ಲಿನ ಲ್ಯಾಂಕಾಸ್ಟರ್ ಊರಿನ ಹೈನೆ ಎಂಬ ಕಸುಬುದಾರ ಇಂಥ ಚರ್ಚುಗಳಿಗೆ ತವರದ ಬಟ್ಟಲು ಮಾಡಿಕೊಡುತ್ತಿದ್ದ.

ಈಗ ಬಟ್ಟಲನ್ನು ಬೋರಲು ಹಾಕಿ. ಪಾದದ ಕೆಳಗೆ ಅಥವಾ ಅಂಚಿನ ಹತ್ತಿರ ‘12’ ಅಂತ ಮುದ್ರೆ ಇದ್ದರೆ ಅದು ತಾಯ್ನಾಡಿನಿಂದ ಬಂದದ್ದು ಅನ್ನಬಹುದು. ಹನ್ನೆರಡು ಲೋಟ್. ಲೋಟ ಅಲ್ಲ, ಲೋಟ್! ಜರ್ಮನ್ನರಲ್ಲಿ ಅಪ್ಪಟ ಬೆಳ್ಳಿ ಅಂದರೆ ಹದಿನಾರು ಲೋಟ್. ನಮ್ಮ ಹದಿನಾರಾಣೆ ಲೆಕ್ಕವೇ, ಅಲ್ವಾ? ಹಾಗಾಗಿ ಇದು ಹನ್ನೆರಡಾಣೆ ಬೆಳ್ಳಿ, ನೂರಕ್ಕೆ 75. ‘800’ (ಸಾವಿರಕ್ಕೆ 800 ಪಾಲು ಬೆಳ್ಳಿ) ಜೊತೆಗೆ ಅರ್ಧಚಂದ್ರ, ಕಿರೀಟ ಇದ್ದರೆ ಜರ್ಮನಿಯದೇ, ಆದರೆ 1888ರ ಈಚಿನದು. ‘ಕಾಯಿನ್’, ಅಂದರೆ ನಾಣ್ಯದ ಗುಣಮಟ್ಟದ ಬೆಳ್ಳಿ, ಅಂತಿದ್ದರೆ ಅಮೆರಿಕದ ಅಕ್ಕಸಾಲಿಗನ ಕೆಲಸ.

ಅಂಚನ್ನೂ ನೋಡಿ. ಒಬ್ಬರು ಕುಡಿದ ಮೇಲೆ ಪಾದ್ರಿ ಬಟ್ಟೆಯಿಂದ ಒರೆಸಿ, ಬಟ್ಟಲನ್ನು ಸ್ವಲ್ಪ ತಿರುಗಿಸಿ ಮುಂದಿನವರಿಗೆ ಕೊಡುತ್ತಿದ್ದರು. ಒಳಗಿನ ಚಿನ್ನದ ಲೇಪ ಮೊದಲು ಸವೆಯುವುದು ಅಲ್ಲೇ. ಸವೆದಲ್ಲಿ ಬೆಳ್ಳಿ ಬೆಳ್ಳಗೆ ಕಂಡರೆ ಸರಿ. ಹೊರಮೈಯಲ್ಲೂ ತಿಕ್ಕಿದ ಕಡೆ ಹಳದಿ ಛಾಯೆ ಇಣುಕಿದರೆ ಮಾತ್ರ ನಿಮ್ಮ ಅನುಮಾನಕ್ಕೆ ಅರ್ಥವಿದೆ. 1840ರ ಈಚೆಗೆ ಜರ್ಮನ್ ಸಿಲ್ವರ್ ಮೇಲೆ ವಿದ್ಯುತ್ತಿನಿಂದ ಬೆಳ್ಳಿ ಲೇಪಿಸುವುದು ಶುರುವಾಯಿತು. ಅಂಥವೂ ಕೆಲವು ಚರ್ಚುಗಳಿಗೆ ಬಂದವು. ಅದಕ್ಕೇ ಎಲ್ಲವನ್ನೂ ಒಂದೇ ಗಂಟಿಗೆ ಕಟ್ಟಬೇಡಿ ಅನ್ನುವುದು.

ಅಷ್ಟು ದೂರದ ಕಾಡುಮೇಡಿನಲ್ಲಿ ಆ ಬಟ್ಟಲು ಹಿಡಿಯಲು ಪಾದ್ರಿ ಎಲ್ಲಿಂದ ಬರುತ್ತಿದ್ದರು? ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಮಿಸಿಸಿಪ್ಪಿ ನದಿಯ ಕಡೆ ನೆಲೆಸಿದ ಜರ್ಮನ್ನರ ಬಳಿಗೆ 1836ರಲ್ಲಿ ಇಬ್ಬರು ಪಾದ್ರಿಗಳು ಬಂದರು. ಅವರನ್ನು ತಯಾರು ಮಾಡಿ ಕಳಿಸಿದ್ದು ಸ್ವಿಟ್ಜರ್ಲೆಂಡಿನ ಕ್ರೈಸ್ತ ಧರ್ಮಪ್ರಚಾರಕರ ಸಂಸ್ಥೆ ಬಾಸೆಲ್ ಮಿಶನ್. ಹೌದು, ಅದಕ್ಕೆ ಎರಡು ವರ್ಷ ಮುಂಚೆ ಮಂಗಳೂರಿಗೆ ಬಂದಿಳಿದ, ಆಮೇಲೆ ನಮ್ಮ ಮನೆಗಳಿಗೆ ಹೆಂಚು ಹೊದಿಸಿದ ಅದೇ ಬಾಸೆಲ್ ಮಿಶನ್.